ನೆಲ ಬಿಡದ ದಳಪತಿ

ಕತ್ತಿಯವರ ದಳಪತಿಯ ಎದೆಯ ಅಳತೆ ತೆಗೆದವನು ನಾನೇ. ದೊಡ್ಡ ಎದೆ, ಅನುಮಾನವಿಲ್ಲ. ನನ್ನ ಟೇಪು ಸಾಲದೆ ಹೆಂಡತಿಯ ಟೇಪನ್ನೂ ಅದಕ್ಕೆ ಗಂಟುಹಾಕಿ ಸುತ್ತಬೇಕಾಯಿತು. ಆ ಎದೆಯೊಳಗೆ ಏನು ಇರಲಿಲ್ಲ ಎಂಬುದು ಊರಿಗೆಲ್ಲ ಗೊತ್ತಾಗುವ ಮೊದಲು ಗೊತ್ತಾದದ್ದೂ ನನಗೇ. ದರ್ಜಿಯ ಹತ್ತಿರ ಜನ ಏನನ್ನೂ ಮುಚ್ಚಿಡಲಾರರು. ಮುಚ್ಚಿಡುವುದಕ್ಕೆ ಬೇಕಾದ ಬಟ್ಟೆ ಹೊಲಿಯುವವನೇ ಅವನಲ್ಲವೇ?

ನಮ್ಮ ಊರಿನಲ್ಲಿ ಸಿಟ್ಟು ಬಂದವರು ಮೇಲೇಳುತ್ತಾರೆ. ಸಣ್ಣ ಸಿಟ್ಟಿಗೆ ಒಂದು ಗೇಣು, ದೊಡ್ಡದಕ್ಕೆ ಮಾಳಿಗೆಯೆತ್ತರ. ಸಿಟ್ಟು ಇಳಿದ ಹಾಗೆ ಮನುಷ್ಯನೂ ಇಳಿಯುತ್ತಾನೆ. ನಟನೆ ನಡೆಯುವುದಿಲ್ಲ. ಎಷ್ಟು ಕೂಗಾಡಿದರೂ ಒಳಗೆ ಸಿಟ್ಟಿಲ್ಲದಿದ್ದರೆ ಹಿಮ್ಮಡಿ ನೆಲ ಬಿಡುವುದಿಲ್ಲ. ಇದಕ್ಕೆ ನಾವು ಹೊಂದಿಕೊಂಡು ಎಷ್ಟೋ ತಲೆಮಾರು ಆಯಿತು. ಬೀದಿಯ ಕಂಬಗಳಿಗೆಲ್ಲ ಹಿಡಿದುಕೊಳ್ಳಲು ಹಗ್ಗ ಕಟ್ಟಿದೆ. ಹೋಟೆಲಿನವರು ಜಂತಿಗೆ ಹಳೆಯ ಗಾದಿ ಬಡಿದಿದ್ದಾರೆ. ಹುಣಸೆಹಣ್ಣು ಉದುರಿಸಲು ನಮ್ಮಲ್ಲಿ ಯಾರೂ ಮರ ಹತ್ತುವುದಿಲ್ಲ. ಭಾವಮೈದುನನನ್ನು ಜೊತೆಗೆ ಕರೆದೊಯ್ದು ಮರದ ಕೆಳಗೆ ಅವನ ಎರಡು ಮಾತು ಕೇಳಿಸಿಕೊಂಡರೆ ಸಾಕು. ಬೀದಿದೀಪದ ಬಲ್ಬು ಹೋದರೆ ಲೈನ್‌ಮನ್ನನಿಗಿಂತ ಮೊದಲು ಅವನ ಹೆಂಡತಿಗೆ ಸುದ್ದಿ ಮುಟ್ಟಿಸುತ್ತೇವೆ. ಹೆಣ್ಣು ನೋಡಲು ಬಂದ ಬೀಗರು ಹುಡುಗಿಯ ಅಡಿಗೆಯ ಜೊತೆಗೆ ಅವಳ ಎತ್ತರವನ್ನೂ ವಿಚಾರಿಸುತ್ತಾರೆ, ನಿಂತಾಗಿನ ಎತ್ತರವಲ್ಲ. ಪಂಚಾಯಿತಿಯಲ್ಲಿ ಕಾಲು ನೆಲದ ಮೇಲಿದ್ದವರಿಗೆ ಮಾತ್ರ ಮಾತಾಡುವ ಹಕ್ಕು. ನನ್ನ ಕಸುಬೂ ಇದರಿಂದಲೇ ನಡೆಯುವುದು. ನಾನು ಹೊಲಿಯುವ ಪ್ರತಿ ಅಂಗಿಯ ಅಂಚಿನಲ್ಲೂ ಬೆಣಚುಕಲ್ಲು ಹಾಕಿಕೊಳ್ಳಲು ಕಿಸೆಗಳಿರುತ್ತವೆ.

ನನ್ನ ಹೆಂಡತಿ ಚಂದ್ರಭಾಗಿ ಮಾತ್ರ ಕಲ್ಲು ಹಾಕಿಕೊಂಡವಳಲ್ಲ. "ಏಳೂದಿದ್ರ ಛಂದಾಗಿ ಏಳಬೇಕ್ರಿ. ಅರ್ಧಾ ಎದ್ದು ಜೋತಾಡೂದು ಮರ್ಯಾದಿ ಅಲ್ಲ" ಎನ್ನುತ್ತಾಳೆ. ನಮ್ಮ ಓಣಿಯಲ್ಲಿ ಅವಳಷ್ಟು ಎತ್ತರಕ್ಕೆ ಏಳುವವರಿಲ್ಲ. ಒಮ್ಮೆ ನಾನು ಅವಳ ತಮ್ಮನ ಮದುವೆಯ ದಿನ ಮರೆತು ನಿದ್ದೆ ಹೋಗಿದ್ದೆ. ಆಗ ಅವಳು ಕೊಕ್ಕರೆಗಳ ಮಟ್ಟಕ್ಕೆ ಹೋಗಿ ಸಂಜೆಗೆ ಇಳಿದು ಬಂದಿದ್ದಳು.

ಇಂಥ ಊರಿಗೆ ಆ ವರ್ಷ ಜೋಳದ ರಾಶಿ ಮುಗಿದ ಮೇಲೆ ಆಕಾಶದಿಂದ ಎರಡು ಹಡಗುಗಳು ಬಂದವು. ಕಪ್ಪಗೆ ಕೊಡಲಿಯ ಆಕಾರದಲ್ಲಿದ್ದ ಒಂದು ಕಣಗಳ ಬಯಲಿನಲ್ಲಿ ಇಳಿಯಿತು. ಇನ್ನೊಂದು ಬೆಳ್ಳಗೆ ಇಡ್ಲಿಯ ಹಾಗಿತ್ತು. ಅದು ಕೆರೆಯ ದಂಡೆಯಲ್ಲಿ ಕೂತಿತು. ಕಪ್ಪು ಹಡಗು ಖಡ್ಗ ಸಾಮ್ರಾಜ್ಯದವರದು, ನಮ್ಮ ಬಾಯಲ್ಲಿ ಕತ್ತಿಯವರದು. ಅವರು ಕತ್ತಿಯಿಂದ ಗೆದ್ದ ಲೋಕಗಳನ್ನು ಅವರೇ ಎಣಿಸಿಟ್ಟಿರಲಿಲ್ಲ. ಬಿಳಿಯದು ಸಮ್ಮತಿ ಒಕ್ಕೂಟದವರದು. ಅವರು ಯುದ್ಧವನ್ನೇ ಕಾಣದೆ, ಮಾತಾಡಿ ಮಾತಾಡಿ, ಎದುರಿನವರು ಸುಸ್ತಾಗಿ ಒಪ್ಪುವವರೆಗೂ ಮಾತಾಡಿ, ಅಷ್ಟೇ ಲೋಕಗಳನ್ನು ಸೇರಿಸಿಕೊಂಡಿದ್ದರು. ಇಬ್ಬರಿಗೂ ಹಳೆಯ ಹಗೆ. ನಮ್ಮ ಊರು ಇಬ್ಬರ ನಡುವಿನ ದಾರಿಯಲ್ಲಿ ಬೀಳುತ್ತದೆ. ಇದು ಯಾರದಾದರೆ ಅವರ ಹಡಗುಗಳು ಇಲ್ಲಿ ತಂಗಿ ಇನ್ನೊಬ್ಬರ ಅಂಗಳಕ್ಕೆ ನುಗ್ಗಬಹುದು. ಆದರೆ ಈ ನಡುವಿನ ಪಟ್ಟಿಯಲ್ಲಿ ಮೊದಲು ಯಾರೂ ಕತ್ತಿ ಎತ್ತಬಾರದು, ಗೊತ್ತುಮಾಡಿದ ದಿನ ಊರೇ ತನಗೆ ಬೇಕಾದ ಬಾವುಟ ಹಾರಿಸಬೇಕು ಎಂದು ಅವರವರಲ್ಲೇ ಒಪ್ಪಂದವಾಗಿತ್ತು. ಹಾಗಾಗಿ ಜಗತ್ತನ್ನೇ ನಡುಗಿಸುವವರು ನಮ್ಮ ಓಣಿಗಳಲ್ಲಿ ಕೈಮುಗಿಯುತ್ತ ಓಡಾಡುವಂತಾಯಿತು.

ಅವರ ಎದೆಗಳ ಮೇಲೆ ಮಾತು ತಿರುಗಿಸುವ ಡಬ್ಬಿಗಳಿದ್ದವು. ಕತ್ತಿಯವರ ಡಬ್ಬಿ ಇಳಿಯುವ ಮೊದಲೇ ದೂರದಿಂದ ನಮ್ಮ ಬಯಲಾಟ ಕೇಳಿ ಕನ್ನಡ ಕಲಿತಿತ್ತಂತೆ. ಒಕ್ಕೂಟದ ಡಬ್ಬಿ ಪಂಚಾಯಿತಿಯ ನೋಟಿಸು ಬೋರ್ಡು ಓದಿ ಕಲಿತಿತ್ತು. ಆದ್ದರಿಂದ ಕತ್ತಿಯವನೊಬ್ಬ ಅಂಗಡಿಯಲ್ಲಿ ಬೆಲ್ಲ ಕೇಳಿದರೆ, "ಎಲೈ ವರ್ತಕನೇ, ಬೆಲ್ಲದ ಅಚ್ಚೊಂದನ್ನು ಎನಗೆ ಒಪ್ಪಿಸುವಂಥವನಾಗು!" ಎಂದು ಕೇಳುತ್ತಿತ್ತು. ಒಕ್ಕೂಟದವರು ಅದೇ ಬೆಲ್ಲಕ್ಕೆ, "ಸದರಿ ಬೆಲ್ಲದ ಲಭ್ಯತೆಯ ಕುರಿತು ತಿಳಿಸಲು ಕೋರಲಾಗಿದೆ" ಎನ್ನುತ್ತಿದ್ದರು.

ಕತ್ತಿಯವರು ಮೊದಲ ದಿನ ಊರೊಳಗೆ ಕವಾಯತು ಮಾಡಿಕೊಂಡು ಬಂದಾಗಲೇ ತಮಾಷೆ ಶುರುವಾಯಿತು. ಅವರಲ್ಲಿ ಸೈನಿಕನಿಗೆ ಸಿಟ್ಟೇ ಶಿಕ್ಷಣ, ಸಿಟ್ಟೇ ಪದವಿ. ಹುಬ್ಬು ಗಂಟಿಕ್ಕಿ ಹೆಜ್ಜೆ ಹಾಕಿದವರು ಪೇಟೆಯ ತಿರುವಿನಲ್ಲಿ ಒಬ್ಬೊಬ್ಬರಾಗಿ ನೆಲ ಬಿಟ್ಟರು. ಇಬ್ಬರು ಬೇವಿನ ಮರಕ್ಕೆ ಸಿಕ್ಕಿಕೊಂಡರು. ಕಿಡಿಮೀಸೆ ಎಂದು ನಾವು ಹೆಸರಿಟ್ಟಿದ್ದ ಉಪದಳಪತಿ ಚಾವಡಿಯ ಶಿಖರಕ್ಕೆ ಹೋಗಿ ತೇಲುತ್ತಿದ್ದ. ನಮ್ಮವರು ಹಗ್ಗ ಎಸೆದು ಎಲ್ಲರನ್ನೂ ಎಳೆದುಕೊಂಡು ಮಜ್ಜಿಗೆ ಕೊಟ್ಟರು. ಅವರಿಗೆ ನಾಚಿಕೆಯಾಗಲಿಲ್ಲ. ಕುಣಿದಾಡಿದರು. ಸಿಟ್ಟಿಗೆ ರೆಕ್ಕೆ ಕೊಡುವ ನಾಡು ಇದು, ಇದೇ ನಮ್ಮ ಸ್ವರ್ಗ ಎಂದು ಡಬ್ಬಿಗಳು ಹಾಡಿದವು.

ಅಷ್ಟೂ ಜನರಲ್ಲಿ ನೆಲದ ಮೇಲೆ ಉಳಿದವನು ಒಬ್ಬನೇ, ದಳಪತಿ ಉಗ್ರಾಕ್ಷ. ಸೈನಿಕರು ಅವನ ಕಾಲನ್ನೇ ನೋಡುತ್ತಿದ್ದರು. ಅವನು ಕಟ್ಟೆ ನಡುಗುವಂತೆ ಗುಡುಗಿದ. "ಎನ್ನ ರೋಷವಂ ಬಾವುಟದ ದಿನಕ್ಕೆ ಕಾಪಿಟ್ಟಿರುವೆನೈ!"

ಒಕ್ಕೂಟದವರು ನಗುನಗುತ್ತ ನೆಲದ ಮೇಲೇ ನಡೆದರು. ಅವರ ರಾಯಭಾರಿಯ ಹೆಸರು ಮಂದಸ್ಮಿತೆ. ನಡುವಯಸ್ಸಿನ ತೆಳ್ಳಗಿನ ಹೆಂಗಸು. ಮುಖದ ಮೇಲಿನ ನಗು ಕುಂಕುಮದಷ್ಟು ಕಾಯಂ ಆಗಿತ್ತು. ಅವಳ ಬೆನ್ನಿಗೆ ಸದಾ ಒಬ್ಬ ಬೋಳುತಲೆಯ ಉಪರಾಯಭಾರಿ. ಅವಳು ಏನು ಹೇಳಿದರೂ ಅವನು ಬೆರಳೆತ್ತಿ, "ಒಂದು ಸಣ್ಣ ತಿದ್ದುಪಡಿ" ಎನ್ನುತ್ತಿದ್ದ.

ಇಬ್ಬರ ಬೇಡಿಕೆಯೂ ಬೇಗ ಗೊತ್ತಾಯಿತು. ಕತ್ತಿಯವರ ಬಾವುಟ ಹಾರಿದರೆ ಊರಿನ ಸಿಟ್ಟಿನವರೆಲ್ಲ ಅವರ ಸೈನ್ಯಕ್ಕೆ. ಒಕ್ಕೂಟದ ಬಾವುಟ ಹಾರಿದರೆ ನೀರಿನ ಟಾಕಿಗೆ ಅವರ ಹನಿಗಳು ಬೀಳುತ್ತವೆ. ಕುಡಿದವರಿಗೆ ಜನ್ಮದಲ್ಲಿ ಸಿಟ್ಟು ಬರುವುದಿಲ್ಲ. ಯಾರನ್ನೂ ಆರಿಸದಿದ್ದರೆ ಒಪ್ಪಂದ ಮುರಿದ ಹಾಗೆ, ಆಮೇಲೆ ಇಬ್ಬರೂ ನಮ್ಮ ತಲೆಯ ಮೇಲೇ ಬಡಿದಾಡುತ್ತಾರೆ.

ಚಂದ್ರಭಾಗಿ ಹನಿಯ ಸುದ್ದಿ ಕೇಳಿ ರೊಟ್ಟಿ ಬಡಿಯುತ್ತಿದ್ದಲ್ಲೇ ಎರಡು ಗೇಣು ಎದ್ದಳು. "ನನ್ನ ಸಿಟ್ಟು ನಾ ತವರಮನಿಯಿಂದ ತಂದದ್ದು. ಅದನ್ನ ಕಸಗೊಳ್ಳಾಕ ಇವರ‍್ಯಾರ‍್ರಿ?"

ದಳಪತಿ ನನ್ನ ಅಂಗಡಿಗೆ ಬಂದದ್ದು ಅದರ ಮಾರನೆಯ ಮಧ್ಯಾಹ್ನ, ಊರು ಊಟ ಮಾಡಿ ಅಡ್ಡಾಗಿದ್ದ ಹೊತ್ತಿನಲ್ಲಿ. ಬಾಗಿಲು ತುಂಬ ನಿಂತು, "ಎಲೈ ದರ್ಜಿಯೇ, ಕದವನ್ನು ಬಂಧಿಸು!" ಎಂದ. ಮುಚ್ಚಿದೆ. ಅವನು ಮುಷ್ಟಿ ಬಿಗಿದು, ಕಣ್ಣು ಕೆಂಪಗೆ ಮಾಡಿ, ಮಶೀನಿನ ಮೇಲಿನ ಗುಂಡಿಗಳೆಲ್ಲ ಉದುರುವಂತೆ ಒಂದು ಆರ್ಭಟ ಹಾಕಿದ. ಆಮೇಲೆ ಬಗ್ಗಿ ತನ್ನ ಕಾಲುಗಳನ್ನು ತೋರಿಸಿದ. ನೆಲ ಬಿಟ್ಟಿರಲಿಲ್ಲ.

"ನೋಡಿದೆಯಾ?" ಡಬ್ಬಿಯ ದನಿ ತಗ್ಗಿತು, ಭಾಷೆ ತಗ್ಗಲಿಲ್ಲ. "ಎನಗೆ ಸಿಟ್ಟೆಂಬುದೇ ಬಾರದೈ! ಹುಟ್ಟಿದಂದಿನಿಂದಲೂ ಬಂದಿಲ್ಲವೈ!"

ನಾನು ಸ್ಟೂಲು ಕೊಟ್ಟೆ. ಕೂತು ಎಲ್ಲ ಹೇಳಿಕೊಂಡ. ಅವನ ಮನೆತನವೇ ಸೇನಾನಿಗಳದು. ಚಿಕ್ಕವನಿದ್ದಾಗ ಯಾರು ಹೊಡೆದರೂ ಅವನಿಗೆ ಸಿಟ್ಟಿನ ಬದಲು, ಪಾಪ, ಇವನಿಗೆ ಏನಾಗಿದೆಯೋ ಅನಿಸುತ್ತಿತ್ತಂತೆ. ದೊಡ್ಡ ಗಂಟಲು ಇದ್ದದ್ದರಿಂದ ಬದುಕಿಕೊಂಡ. ಗುಡುಗುತ್ತ ಗುಡುಗುತ್ತ ಪದವಿ ಏರಿದ. ಅವನ ಗುಡುಗಿಗೇ ಹೆದರಿ ಶರಣಾದ ಲೋಕಗಳಿದ್ದವು. ಅಲ್ಲಿ ಒಂದು ಹನಿ ರಕ್ತವೂ ಬಿದ್ದಿರಲಿಲ್ಲ. ಈಗ ಈ ಹಾಳು ಊರು ಸಿಕ್ಕಿತ್ತು. ಬಾವುಟದ ದಿನ ಸೈನಿಕರ ಮುಂದೆ ಅವನು ಮೇಲೇಳಲೇಬೇಕು. ಏಳದಿದ್ದರೆ, ಸಿಟ್ಟಿಲ್ಲದ ದಳಪತಿಗೆ ಅವರ ಕಾನೂನಿನಲ್ಲಿ ಒಂದೇ ಶಿಕ್ಷೆ.

"ಎನ್ನ ತಲೆ ಹೋದರೆ ಹೋಗಲಿ. ಆದರೆ ಎನ್ನ ಬಳಿಕ ಆ ಕಿಡಿಮೀಸೆಯೇ ದಳಪತಿ. ಅವನು ಒಪ್ಪಂದವಂ ಅರಿಯನು. ಈ ಊರನ್ನು ಉರುಹುವನೈ!" ಹೀಗೆಂದವನು ಮಶೀನಿನಿಂದ ಉದುರಿದ್ದ ಗುಂಡಿಗಳನ್ನು ಒಂದೊಂದಾಗಿ ಆರಿಸಿ ಡಬ್ಬಕ್ಕೆ ಹಾಕತೊಡಗಿದ, ಬಣ್ಣಬಣ್ಣದವನ್ನು ಬೇರೆ ಬೇರೆಯಾಗಿ. "ಎನ್ನನ್ನು ಮೇಲೆತ್ತುವ ಕೋಟೊಂದನ್ನು ಹೊಲಿದು ಕೊಡು, ದರ್ಜಿಯೇ."

ನಾನು ನೋಡೋಣ ಎಂದೆ. ಅಳತೆ ತೆಗೆದೆ. ಅವನು ಹೋದ ಮೇಲೆ ನಾನಿನ್ನೂ ಟೇಪಿನ ಗಂಟು ಬಿಚ್ಚುತ್ತಿದ್ದೆ, ಹಿತ್ತಲ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ರಾಯಭಾರಿ ಮಂದಸ್ಮಿತೆ. ನಗುತ್ತಿದ್ದಳು.

"ಕೆಲವು ಗೋಪ್ಯ ವಿಷಯಗಳನ್ನು ತಮ್ಮ ಅವಗಾಹನೆಗೆ ತರಬಯಸಲಾಗಿದೆ" ಎಂದಳು. ನಾನು ಅವಳ ಕಾಲು ನೋಡಿದೆ. ಚಪ್ಪಲಿಗೆ ದಪ್ಪ ಕಬ್ಬಿಣದ ಅಟ್ಟೆ ಹಚ್ಚಿಸಿಕೊಂಡಿದ್ದಳು. ಆದರೂ ಅಟ್ಟೆಗೂ ನೆಲಕ್ಕೂ ನಡುವೆ ಬೆಳಕು ಕಾಣುತ್ತಿತ್ತು.

"ತಾಯಿ, ನೀವು ಎದ್ದೀರಿ" ಎಂದೆ.

"ಹೌದು" ಎಂದಳು, ನಗುತ್ತಲೇ. ನಾನು ಅವಳ ನಡುಪಟ್ಟಿ ಹಿಡಿದು ಕುರ್ಚಿಗೆ ಕೂರಿಸಬೇಕಾಯಿತು. ಅವರಲ್ಲಿ ಎಲ್ಲರಿಗೂ ಚಿಕ್ಕಂದಿನಲ್ಲೇ ಹನಿ ಹಾಕುತ್ತಾರಂತೆ. ಇವಳಿಗೂ ಹಾಕಿದ್ದರು. ಇವಳ ಸಿಟ್ಟು ಹೋಗಲಿಲ್ಲ. ನಗು ಮಾತ್ರ ಹೋಗದಂತಾಯಿತು. ಆ ನಗುವಿನ ಹಿಂದೆ ಕೂತು ಅವಳು ಜನ್ಮವೆಲ್ಲ ಸಭೆಗಳಲ್ಲಿ ಕಳೆದಿದ್ದಳು. ಒಕ್ಕೂಟದಲ್ಲಿ ಒಬ್ಬ ಬೇಡವೆಂದರೂ ತೀರ್ಮಾನವಾಗುವುದಿಲ್ಲ. ಒಂದು ಲೋಕದಲ್ಲಿ ಬಾವಿ ಬತ್ತಿತು, ನೀರು ಕಳಿಸೋಣ ಎಂದು ಅವಳು ಕೇಳಿದ್ದಳಂತೆ. ನೀರು ಎಂಬ ಪದದ ಬಗ್ಗೆ ಉಪಸಮಿತಿಯಾಯಿತು. ಅದರ ವರದಿ ಬರುವಷ್ಟರಲ್ಲಿ ಅಲ್ಲಿನ ಜನ ಊರು ಬಿಟ್ಟಿದ್ದರು. ಆ ಉಪಸಮಿತಿಯ ಅಧ್ಯಕ್ಷನೇ ಈಗಿನ ಬೋಳುತಲೆ.

"ಬಾವುಟದ ದಿನ ನಾವು ಮೇಲೆದ್ದರೆ ನಮ್ಮವರು ಇನ್ನೊಮ್ಮೆ ಹನಿ ಹಾಕುವ ಸಂಭವವಿರುತ್ತದೆ. ಈ ಸಲ ಹೆಚ್ಚು ಪ್ರಮಾಣದಲ್ಲಿ. ಆಮೇಲೆ ನಮ್ಮಲ್ಲಿ ನಗು ಒಂದೇ ಉಳಿಯತಕ್ಕದ್ದು." ಅವಳ ತುಟಿ ನಗುತ್ತಿತ್ತು, ಕಣ್ಣಿನಿಂದ ನೀರು ಇಳಿಯುತ್ತಿತ್ತು. "ದಯಮಾಡಿ ಭಾರವಾದ ಲಂಗವೊಂದನ್ನು ಮಂಜೂರು ಮಾಡತಕ್ಕದ್ದು."

ನಾನು ಎರಡೂ ಅಳತೆಯ ಚೀಟಿ ಕಿವಿಯಲ್ಲಿ ಸಿಕ್ಕಿಸಿಕೊಂಡು ಪಂಚಾಯಿತಿ ಅಧ್ಯಕ್ಷೆ ನೀಲಗಂಗವ್ವನ ಮನೆಗೆ ಹೋದೆ. ನೀಲಗಂಗವ್ವ ಹಿಂದೆ ಶಾಲೆಯ ಬಾಯಾರಾಗಿದ್ದವಳು; ನಮ್ಮ ಊರಿನ ಹುಡುಗರಿಗೆ ಅಷ್ಟು ವರ್ಷ ಮಗ್ಗಿ ಹೇಳಿಕೊಟ್ಟೂ ನೆಲ ಬಿಡದವಳು. ಶೇಂಗಾ ಸುಲಿಯುತ್ತ ಎಲ್ಲ ಕೇಳಿಸಿಕೊಂಡಳು.

"ಇಬ್ಬರಿಗೂ ಹೊಲಕೊಡೋ ಏಕನಾಥ" ಎಂದಳು.

"ಅವ್ವಾರ, ಇಬ್ಬರೂ ಗೆದ್ರ ನಮ್ಮ ಗತಿ ಏನು?"

"ಇಬ್ಬರೂ ಸೋತ್ರ ಇನ್ನೂ ಕೆಟ್ಟ ಗತಿ. ಸುಳ್ಳು ಸಿಟ್ಟಿನವ, ಸುಳ್ಳು ನಗಿಯಾಕಿ. ಇವರಿಬ್ಬರೂ ಇರೂತನಕ ಮಾತಾಡಾಕ ಒಂದು ದಾರಿ ಐತಿ. ಇವರು ಹೋಗಿ ಖರೇವಂದ್ರು ಬಂದ್ರ ಮುಗೀತು." ಒಂದು ಹಿಡಿ ಶೇಂಗಾ ಕೊಟ್ಟು ಕಳಿಸಿದಳು.

ಲಂಗ ಸುಲಭವಾಗಿತ್ತು. ಮೂರು ಸುತ್ತು ಅಂಚು, ಅಂಚಿನ ತುಂಬ ತಕ್ಕಡಿಯ ಹಳೆಯ ಸೀಸದ ಬಟ್ಟುಗಳು. ಅದೂ ಸಾಲದೆಂದು ಅಂಚಿಗೆ ನಾಲ್ಕು ಕಡೆ ಕೊಕ್ಕೆ ಇಟ್ಟೆ. ವೇದಿಕೆಯ ಹಲಗೆಗೆ ಸಿಕ್ಕಿಸಿಕೊಂಡು ನಿಂತರೆ ದೇವರೂ ಎತ್ತಲಾರ ಎಂದುಕೊಂಡೆ. ಕೋಟಿನದೇ ಫಜೀತಿ. ಮನುಷ್ಯನನ್ನು ಎತ್ತುವ ಬಟ್ಟೆಯನ್ನು ಈವರೆಗೆ ಯಾರೂ ನೇಯ್ದಿಲ್ಲ. ನಾನು ತಲೆ ಕೆರೆದುಕೊಳ್ಳುವುದನ್ನು ಚಂದ್ರಭಾಗಿ ನೋಡಿದಳು. ಹೇಳಬಾರದೆಂದುಕೊಂಡಿದ್ದನ್ನೆಲ್ಲ ಹೇಳಿಸಿಕೊಂಡಳು. ನನ್ನನ್ನು ಕೇಳದೆ ಮಾತು ಕೊಟ್ಟಿರಿ ಎಂದು ಜಂತಿಯವರೆಗೆ ಎದ್ದಳು. ಅಲ್ಲಿಂದಲೇ ಕೆಳಗೆ ನೋಡಿ, "ಅಲ್ರೀ, ಆ ಮನಷ್ಯಾನ್ನ ನನ್ನ ನಡಕ್ಕ ಕಟ್ಟಿದ್ರ ಆತು" ಎಂದಳು.

"ಅಷ್ಟು ದೊಡ್ಡ ಆಳನ್ನ ಎತ್ತತೀಯೇನು?"

"ನಿಮ್ಮ ತಂಗಿ ಬಂದು ಯುಗಾದಿತನಕ ಇಲ್ಲೇ ಇರ್ತಾಳಂತ ಆ ಹೊತ್ತಿಗೆ ನೆನಪು ಮಾಡ್ರಿ. ಆನಿ ಕಟ್ಟಿದ್ರೂ ಎತ್ತತೀನಿ."

ಉಪಾಯ ಹೀಗಾಯಿತು. ಚಾವಡಿಯ ಮುಂದೆ ದೊಡ್ಡ ಆಲದ ಮರ. ಅದರ ಕೆಳಗೆ ವೇದಿಕೆ. ವೇದಿಕೆಯ ಮೇಲೆ ಶಾಮಿಯಾನ. ಚಂದ್ರಭಾಗಿ ಶಾಮಿಯಾನದ ಬಿದಿರಿನ ಮೇಲೆ ಆಲದ ಟೊಂಗೆಗಳ ಮರೆಯಲ್ಲಿ ಕೂರುವುದು. ಮೀನಿನ ಗಾಳದ ದಾರವನ್ನು ಹಲವು ಎಳೆ ಹೊಸೆದು ಅವಳ ನಡುವಿನಿಂದ ಬಟ್ಟೆಯ ತೂತಿನಲ್ಲಿ ಇಳಿಬಿಟ್ಟು ಕೋಟಿನ ಬೆನ್ನಿಗೆ ಸಿಕ್ಕಿಸುವುದು. ಕೋಟಿನ ಒಳಗೆ ಕುದುರೆಯ ಜೀನಿಗೆ ಬಿಗಿಯುವಂಥ ತೊಗಲಿನ ಪಟ್ಟಿ ಹೊಲಿದೆ. ದಳಪತಿ ಹಾಕಿಕೊಂಡು ನೋಡಿ, "ಬಗಲಲ್ಲಿ ಕೊಂಚ ಬಿಗಿಯಾಯಿತೈ" ಎಂದನಷ್ಟೇ.

ಬಾವುಟದ ದಿನ ಊರಿಗೆ ಊರೇ ಸೇರಿತು. ಒಂದು ಕಡೆ ಕತ್ತಿಯವರು ಸಾಲಾಗಿ, ಇನ್ನೊಂದು ಕಡೆ ಒಕ್ಕೂಟದವರು ವರ್ತುಲವಾಗಿ. ವೇದಿಕೆಯ ಮೇಲೆ ದಳಪತಿ, ಕಿಡಿಮೀಸೆ, ಮಂದಸ್ಮಿತೆ, ಬೋಳುತಲೆ, ನಡುವೆ ನೀಲಗಂಗವ್ವ. ನಾನು ಉಡುಪು ಸರಿಮಾಡುವ ನೆವದಲ್ಲಿ ದಾರ ಸಿಕ್ಕಿಸಿದೆ, ಲಂಗದ ಕೊಕ್ಕೆಗಳನ್ನು ಹಲಗೆಗೆ ಹಾಕಿದೆ, ಕೆಳಗಿಳಿದು ಕಂಬದ ಪಕ್ಕ ನಿಂತೆ.

ಮೊದಲು ದಳಪತಿ. ಮುಂದೆ ಬಂದು ಎದೆ ಸೆಟೆಸಿ ಆರ್ಭಟಿಸಿದ. ನಾನು ತಲೆಯೆತ್ತಿ, ಆಲದ ಮರಕ್ಕೆ ಹೇಳುವವನ ಹಾಗೆ, "ನಮ್ಮ ತಂಗಿ ಬರಾಕತ್ತಾಳ! ಯುಗಾದಿತನಕ ಇರ್ತಾಳಂತ!" ಎಂದು ಕೂಗಿದೆ. ಅಕ್ಕಪಕ್ಕದವರು ನನ್ನನ್ನು ವಿಚಿತ್ರವಾಗಿ ನೋಡಿದರು. ಮೇಲೆ ಎಲೆಗಳು ಸರಸರ ಎಂದವು. ದಳಪತಿಯ ಹಿಮ್ಮಡಿ ನೆಲ ಬಿಟ್ಟಿತು.

ಸೈನಿಕರು ಹೋ ಎಂದರು. ದಳಪತಿ ಮಂಡಿಯೆತ್ತರ ಎದ್ದ, ಸೊಂಟದೆತ್ತರ ಎದ್ದ, ಕೈಗಳನ್ನು ಅಗಲಿಸಿ ತೂಗಾಡುತ್ತ ಶಾಮಿಯಾನದ ಅಂಚಿನವರೆಗೂ ಹೋದ. ಡಬ್ಬಿ ಮೊಳಗಿತು. "ನೋಡಿರೈ! ಎನ್ನ ರೌದ್ರವಂ ನೋಡಿರೈ!"

ಕಿಡಿಮೀಸೆಯೂ ಮಂಡಿಯೂರಿದ. ಎಲ್ಲ ಸರಿಹೋಯಿತು ಎಂದು ನಾನು ಉಸಿರು ಬಿಟ್ಟೆ. ಆದರೆ ತನಗೆ ಎತ್ತರವೆಂದರೆ ಭಯವೆಂದು ದಳಪತಿ ನಮಗೆ ಹೇಳಿರಲಿಲ್ಲ. ಅವನು ಒಮ್ಮೆ ಕೆಳಗೆ ನೋಡಿ ತನ್ನ ಭಾಷೆಯಲ್ಲಿ ಏನೋ ಸಣ್ಣಗೆ ಗೊಣಗಿದ. ಡಬ್ಬಿ ಅದನ್ನೂ ಊರಿಗೆಲ್ಲ ಕೇಳುವಂತೆ ತಿರುಗಿಸಿತು. "ಅಯ್ಯಯ್ಯೋ! ತಲೆ ತಿರುಗುತಿಹುದೈ! ಎನ್ನ ತಾಯೇ, ಯಾರಾದರೂ ಎನ್ನನ್ನು ಇಳುಹಿರೈ!"

ಮೇಲಿನಿಂದ ಕಿಸಕ್ಕೆಂದು ಒಂದು ನಗು ಕೇಳಿತು. ನನ್ನ ಹೆಂಡತಿಯ ನಗು ನನಗೆ ಗೊತ್ತು. ಒಮ್ಮೆ ಶುರುವಾದರೆ ತಡೆಯುವವರಿಲ್ಲ. ನಕ್ಕವರಿಗೆ ಸಿಟ್ಟೆಲ್ಲಿ? ದಳಪತಿ ಧೊಪ್ಪನೆ ವೇದಿಕೆಗೆ ಬಿದ್ದ. ಶಾಮಿಯಾನ ಪರ್ರನೆ ಹರಿದು ಚಂದ್ರಭಾಗಿ ಅವನ ಮಡಿಲಲ್ಲಿ ಬಿದ್ದಳು, ಇನ್ನೂ ನಗುತ್ತಲೇ. ಇಬ್ಬರ ನಡುವೆ ಗಾಳದ ದಾರ ಬಿಸಿಲಿಗೆ ಮಿಂಚಿತು.

ಕಿಡಿಮೀಸೆ ಎದ್ದು ಬಂದು ದಾರವನ್ನು ಬೆರಳಿಗೆ ಸುತ್ತಿ ನೋಡಿದ. ಕತ್ತಿ ಹಿರಿದ.

ದಳಪತಿ ಓಡಲಿಲ್ಲ. ಮೊದಲು ಚಂದ್ರಭಾಗಿಯನ್ನು ಎಬ್ಬಿಸಿ ತನ್ನ ಬೆನ್ನ ಹಿಂದೆ ನಿಲ್ಲಿಸಿದ. ಆಮೇಲೆ ಸೈನಿಕರ ಕಡೆ ತಿರುಗಿದ. ಆ ಸಲ ಅವನು ಗುಡುಗಲಿಲ್ಲ. "ವೀರರೇ, ಎನಗೆ ಸಿಟ್ಟಿಲ್ಲ. ಎಂದೂ ಇರಲಿಲ್ಲ. ನಿಮ್ಮೆದುರು ಗುಡುಗಿದ್ದೆಲ್ಲ ಬರಿಯ ಗಂಟಲು. ಈ ಹೆಂಗಸನ್ನೂ ಈ ಊರನ್ನೂ ಬಿಡಿರಿ. ಇದು ಎನ್ನೊಬ್ಬನ ಮೋಸ."

ಇಷ್ಟು ಕೇಳಿದ ಕತ್ತಿಯವರಿಗೆ ಬಂದ ಸಿಟ್ಟು ಅವರು ಹುಟ್ಟಿದಾಗಿನಿಂದ ಬಂದಿರಲಿಕ್ಕಿಲ್ಲ. ಎಲ್ಲರೂ ಒಟ್ಟಿಗೆ ಕತ್ತಿ ಹಿರಿದು ಅವನ ಮೇಲೆ ಬಿದ್ದರು. ಅಂದರೆ, ಬೀಳಬೇಕಿತ್ತು. ಎರಡು ಹೆಜ್ಜೆ ಹಾಕುವಷ್ಟರಲ್ಲಿ ಕಾಲು ನೆಲ ಬಿಟ್ಟಿತು. ಕಿಡಿಮೀಸೆ ಬೀಸಿದ ಕತ್ತಿ ದಳಪತಿಯ ಕೂದಲ ಮೇಲೆ ಹಾದು ಗಾಳಿ ಕತ್ತರಿಸಿತು. ಹೊಡೆಯಲಾಗಲಿಲ್ಲವೆಂದು ಅವನಿಗೆ ಇನ್ನಷ್ಟು ಸಿಟ್ಟು ಬಂತು; ಹರಿದ ಶಾಮಿಯಾನದ ಮೂಲಕ ಮೇಲಕ್ಕೆ ಹೋದ. ದಳಪತಿಯನ್ನು ಕೊಲ್ಲುವಷ್ಟು ಸಿಟ್ಟು ಬಂದ ಯಾರ ಕೈಗೂ ಅವನು ಸಿಗುವ ಹಾಗಿರಲಿಲ್ಲ. ಅಷ್ಟೂ ಸೈನಿಕರು ಆಲದ ಮರಕ್ಕಿಂತ ಎತ್ತರದಲ್ಲಿ ಕೈಕಾಲು ಬಡಿಯುತ್ತ, ಕೆಳಗಿದ್ದ ಒಬ್ಬ ಮನುಷ್ಯನನ್ನು ಬೈಯುತ್ತ ತೇಲಿದರು.

ಗಾಳಿ ಎದ್ದಿತು. ಅವರೆಲ್ಲ ನಿಧಾನವಾಗಿ ಗುಡ್ಡದ ಕಡೆ ಸರಿಯತೊಡಗಿದರು. ಗುಡ್ಡದಾಚೆ ಊರಿನ ಗಡಿ ಮುಗಿಯುತ್ತದೆ, ಅಲ್ಲಿ ಸಿಟ್ಟು ಯಾರನ್ನೂ ಎತ್ತಿ ಹಿಡಿಯುವುದಿಲ್ಲ. ದಳಪತಿಗೆ ಇದನ್ನು ಯಾರೋ ಹೇಳಿದರು. ಅವನ ಮುಖ ಬಿಳಿಚಿತು. "ಹಗ್ಗ! ಹಗ್ಗವಂ ತನ್ನಿರೈ! ಎನ್ನ ಮಕ್ಕಳು ಬೀಳುವರು!" ಎಂದು ತನ್ನನ್ನು ಕೊಲ್ಲಬಂದವರ ಕೆಳಗೆ ತಾನೇ ಓಡಿದ. ನಮ್ಮವರೂ ಕಂಬಗಳ ಹಗ್ಗ ಬಿಚ್ಚಿಕೊಂಡು ಓಡಿದರು.

ಸರಿಯಾಗಿ ಆಗಲೇ ಬೋಳುತಲೆ ಬೆರಳೆತ್ತಿದ. "ಒಂದು ಸಣ್ಣ ತಿದ್ದುಪಡಿ. ಹಗ್ಗ ಎಸೆಯುವುದು ಬಲಪ್ರಯೋಗ ಹೌದೇ ಅಲ್ಲವೇ ಎಂಬ ಬಗ್ಗೆ ಉಪಸಮಿತಿಯೊಂದನ್ನು ರಚಿಸಿ, ಅಲ್ಲಿಯವರೆಗೆ ಸದರಿ ಸೈನಿಕರನ್ನು ಯಥಾಸ್ಥಿತಿಯಲ್ಲಿ..."

ವೇದಿಕೆ ಕಿರುಗುಟ್ಟಿತು. ನಾನು ತಿರುಗಿದೆ. ಮಂದಸ್ಮಿತೆಯ ಲಂಗದ ಕೊಕ್ಕೆಗಳು ಗಟ್ಟಿಯಾಗಿದ್ದವು. ನನ್ನ ಹೊಲಿಗೆ ಹರಿಯಲಿಲ್ಲ. ಹಲಗೆಯೇ ಮೊಳೆ ಕಿತ್ತುಕೊಂಡು ಎದ್ದಿತು. ಹಲಗೆಯ ಮೇಲೆ ಬೋಳುತಲೆಯೂ ನೀಲಗಂಗವ್ವನೂ. ನೀಲಗಂಗವ್ವ ಸೆರಗು ಸರಿಮಾಡಿಕೊಂಡು ಹಾರಿ ಇಳಿದಳು. ಬೋಳುತಲೆ ಹಲಗೆಯನ್ನು ಅಪ್ಪಿಕೊಂಡ. ಸೀಸ, ಹಲಗೆ, ಉಪರಾಯಭಾರಿ ಸಮೇತ ಅವಳು ಶಾಮಿಯಾನ ದಾಟಿದಳು, ಆಲ ದಾಟಿದಳು, ಕಿಡಿಮೀಸೆಯನ್ನು ದಾಟಿದಳು. ಅವಳ ನಗು ಕಳಚಿ ಬಿದ್ದಿತ್ತು.

"ಬಾಯಿ ಮುಚ್ಚು!" ಎಂದಳು. ಆ ಒಂದು ಮಾತಿಗೆ ಅವಳ ಡಬ್ಬಿಗೂ ನೋಟಿಸು ಬೋರ್ಡಿನ ಭಾಷೆ ಸಿಗಲಿಲ್ಲ. "ಆ ಬಾವಿಯ ಜನ ಸತ್ತರೋ ಬದುಕಿದರೋ ನಿನಗೆ ಗೊತ್ತಾ? ಬೀಳುವವರನ್ನು ಹಿಡಿಯಲೂ ನಿನ್ನ ಸಮಿತಿ ಬೇಕಾ?" ಜನ್ಮದ್ದನ್ನೆಲ್ಲ ಹೇಳಿದಳು. ಹೇಳಿದಷ್ಟೂ ಏರಿದಳು. ಕೆಳಗೆ ತೇಲುತ್ತಿದ್ದ ಸೈನಿಕರು ಬೈಯುವುದನ್ನು ಬಿಟ್ಟು ತಲೆಯೆತ್ತಿ ನೋಡಿದರು. ಅವರ ಜನ್ಮದಲ್ಲಿ ಅಂಥ ಸಿಟ್ಟನ್ನು ಕಂಡಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಸಿಟ್ಟಿನವರೇ ದಳಪತಿ ಎಂಬುದು ಅವರ ಕಾನೂನು. ಕಿಡಿಮೀಸೆ ಗಾಳಿಯಲ್ಲೇ ಮಂಡಿಯೂರಲು ಹೋಗಿ ಒಂದು ಪಲ್ಟಿ ಹೊಡೆದ. "ದಳಪತಿಗೆ ಜಯವಾಗಲೈ! ಯಾರಂ ಕಡಿಯಬೇಕು, ಅಪ್ಪಣೆಯಾಗಲಿ!"

ಬೆರಗಿನಲ್ಲಿ ಸಿಟ್ಟು ಇಳಿದು ಅವರೆಲ್ಲ ಕೆಳಗೆ ಜಾರತೊಡಗಿದರು. ನಮ್ಮವರೂ ಹಳೆಯ ದಳಪತಿಯೂ ಅವರನ್ನು ಗುಡ್ಡದ ಈಚೆಗೇ ಎಳೆದುಕೊಂಡರು. ನಾನು ಮಾತ್ರ ಮೇಲೆ ತೇಲುತ್ತಿದ್ದ ಮಂದಸ್ಮಿತೆಯನ್ನೇ ನೋಡುತ್ತಿದ್ದೆ. ಸುಳ್ಳು ಸಿಟ್ಟಿನವನ ಕೈಯಲ್ಲಿದ್ದ ಕತ್ತಿಗಳೆಲ್ಲ ಖರೆ ಸಿಟ್ಟಿನವಳ ಕೈಗೆ ಬಂದಿದ್ದವು. ಅಂಥದ್ದೊಂದು ಆಗಬಾರದೆಂದೇ ನಾನು ಎರಡೂ ಉಡುಪು ಹೊಲಿದದ್ದು.

ಅವಳು ಹೇಳುವುದೆಲ್ಲ ಮುಗಿದ ಮೇಲೆ ಹಲಗೆಯ ಸಮೇತ ಇಳಿದು ಬಂದಳು. ಮುಖ ದಣಿದಿತ್ತು, ಆ ನಗುವಿಗಿಂತ ಎಷ್ಟೋ ಚೆನ್ನಾಗಿತ್ತು. ನೀಲಗಂಗವ್ವ ಒಂದು ಲೋಟ ನೀರು ಕೊಟ್ಟು ಮೆಲ್ಲಗೆ ಕೇಳಿದಳು. "ಈಗ ಏನ್ ಮಾಡ್ತೀಯವ್ವಾ?"

ಮಂದಸ್ಮಿತೆ ನೀರು ಕುಡಿದಳು. ಸಾಲುಗಟ್ಟಿ ಕಾಯುತ್ತಿದ್ದ ಕತ್ತಿಯವರನ್ನು ನೋಡಿದಳು. ಹಲಗೆ ಬಿಡದೆ ನಡುಗುತ್ತಿದ್ದ ಬೋಳುತಲೆಯನ್ನು ನೋಡಿದಳು. "ನಮ್ಮ ಒಕ್ಕೂಟದ ಸಭಾಭವನಕ್ಕೆ ಹೋಗುತ್ತೇವೆ. ಇವರೆಲ್ಲ ನನ್ನ ಜೊತೆ ಬರುತ್ತಾರೆ. ಯಾರನ್ನೂ ಕಡಿಯುವುದಿಲ್ಲ. ಸುಮ್ಮನೆ ಬಾಗಿಲಲ್ಲಿ ನಿಲ್ಲುತ್ತಾರೆ. ಬಾಕಿ ಇರುವ ವಿಷಯಗಳೆಲ್ಲ ತೀರ್ಮಾನವಾಗುವವರೆಗೆ ಯಾರೂ ಹೊರಗೆ ಹೋಗತಕ್ಕದ್ದಲ್ಲ."

ಎರಡೂ ಹಡಗುಗಳು ಅಂದೇ ಹೊರಟವು. ಆಮೇಲಿನ ಸುದ್ದಿ ದಾರಿಹೋಕ ಹಡಗಿನವರಿಂದ ನಮಗೆ ಬಂತು. ಬಾಗಿಲಲ್ಲಿ ಕಿಡಿಮೀಸೆಯನ್ನು ಕಂಡ ಸಭೆ ಒಂದೇ ಮಧ್ಯಾಹ್ನ ಎಲ್ಲವನ್ನೂ ಮುಗಿಸಿತಂತೆ. ಬತ್ತಿದ ಲೋಕಕ್ಕೆ ನೀರು ಹೋಯಿತು, ಊರು ಬಿಟ್ಟವರಲ್ಲಿ ಕೆಲವರು ಮರಳಿದರು. ಮಕ್ಕಳಿಗೆ ಹನಿ ಹಾಕುವುದು ನಿಂತಿತು. ನಮ್ಮ ಊರು ಯಾರದೂ ಅಲ್ಲ ಎಂಬುದಕ್ಕೂ ಸಹಿ ಬಿತ್ತು. ಬಾಗಿಲು ಕಾದು ಕಾದು ಕತ್ತಿಯವರಿಗೆ ಸಭೆಯ ರುಚಿ ಹತ್ತಿತಂತೆ. ಈಗ ಸಾಮ್ರಾಜ್ಯದಲ್ಲೂ ಉಪಸಮಿತಿಗಳಿವೆ, ಕಿಡಿಮೀಸೆಯೇ ಒಂದರ ಅಧ್ಯಕ್ಷ, ಯುದ್ಧಗಳೆಲ್ಲ ಅವುಗಳ ಮುಂದೆ ಬಾಕಿ ಇವೆ.

ಉಗ್ರಾಕ್ಷನನ್ನು ಕರೆದೊಯ್ಯಲು ಯಾರಿಗೂ ನೆನಪಾಗಲಿಲ್ಲ. ಆ ಸಂಜೆ ನಮ್ಮ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತವನು ಅಲ್ಲೇ ಉಳಿದ. ಕಾಜ ಹೊಲಿಯುವುದನ್ನು ಕಲಿತ. ಆ ಕೈಯಲ್ಲಿ ಸೂಜಿ ಕಾಣಿಸುತ್ತಲೇ ಇರಲಿಲ್ಲ, ಆದರೆ ಕಾಜ ಅಚ್ಚುಕಟ್ಟು. ಡಬ್ಬಿ ಬಿಟ್ಟು ಚಂದ್ರಭಾಗಿಯಿಂದ ಮಾತು ಕಲಿತ. ಗಿರಾಕಿಗಳು ಎಷ್ಟು ಬೈದರೂ, "ಆತ್ರಿ, ಬಿಚ್ಚಿ ಹೊಲೀತೀನ್ರಿ" ಎನ್ನುತ್ತಿದ್ದ. ಅವನೊಮ್ಮೆ ಏಳುವುದನ್ನು ನೋಡಬೇಕೆಂದು ಊರಿನ ಪುಂಡರು ಏನೆಲ್ಲ ಮಾಡಿದರು. ಊಟದಲ್ಲಿ ಕಲ್ಲು ಹಾಕಿದರು, ಹೆಸರಿಟ್ಟು ಕರೆದರು, ಅವನು ಕೂತ ಸ್ಟೂಲಿನ ಕಾಲು ಗರಗಸದಿಂದ ಕೊಯ್ದಿಟ್ಟರು. ಅವನು ಬಿದ್ದು ಎದ್ದು, ಯಾರಿಗೂ ಪೆಟ್ಟಾಗಲಿಲ್ಲವಷ್ಟೇ ಎಂದು ಕೇಳಿದ.

ಹೋದ ಚಳಿಗಾಲದಲ್ಲಿ ಪೇಟೆಯ ಕಾಳಿನ ವ್ಯಾಪಾರಿಯೊಬ್ಬ ಹೊಸ ಅಂಗಿ ಹಿಡಿದುಕೊಂಡು ಬಂದ. ಠೀವಿಯಿಂದ ಅಂಗಡಿಯ ನಡುವೆ ನಿಂತು ಅದನ್ನು ನನ್ನ ಮುಖಕ್ಕೆ ಹಿಡಿದ. "ಏಕನಾಥಪ್ಪ, ಇದೇನು ಹೊಲಿಗಿನೋ ಹಾವು ಹರದದ್ದೋ? ಕಣ್ಣು ಹ್ವಾದ ಮ್ಯಾಲೆ ಮನ್ಯಾಗ ಕುಂದ್ರಬೇಕಪಾ. ಇನ್ನೂ ಯಾಕ ಜನರ ಅರಿವಿ ಹಾಳು ಮಾಡ್ತಿ?"

ನನ್ನ ಕಣ್ಣು ಕೆಲವು ತಿಂಗಳಿಂದ ಮಂಜಾಗಿದ್ದು ನಿಜ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಪಕ್ಕದಲ್ಲಿ ಸ್ಟೂಲು ಉರುಳಿದ ಸದ್ದಾಯಿತು.

"ಅವರಿಗೆ ಹಂಗ ಅನಬ್ಯಾಡ್ರಿ" ಎಂದ ಉಗ್ರಾಕ್ಷ. ದನಿ ಎತ್ತರವಿರಲಿಲ್ಲ. ಕೈಯಲ್ಲಿ ಸೂಜಿ, ಸೂಜಿಯಿಂದ ಜೋತಾಡುವ ದಾರ. ಅವನ ಕಾಲುಗಳಿಗೂ ನೆಲಕ್ಕೂ ನಡುವೆ ನಾಲ್ಕು ಬೆರಳಿನಷ್ಟು ಬೆಳಕು.

ವ್ಯಾಪಾರಿ ಬಾಯಿ ತೆರೆದುಕೊಂಡು ನೋಡಿದ. ಒಳಗಿನಿಂದ ಬಂದ ಚಂದ್ರಭಾಗಿ ಬಾಗಿಲಲ್ಲೇ ನಿಂತಳು. ಎಲ್ಲರೂ ಎಲ್ಲಿ ನೋಡುತ್ತಿದ್ದಾರೆಂದು ಉಗ್ರಾಕ್ಷನೂ ಬಗ್ಗಿ ನೋಡಿಕೊಂಡ. ಅವನ ಮುಖ ಅರಳಿತು, ಕಿವಿಯಿಂದ ಕಿವಿಯವರೆಗೆ ನಗು ಹರಡಿತು. ಅಷ್ಟಾಗುತ್ತಲೇ ಧೊಪ್ಪನೆ ನೆಲಕ್ಕೆ ಬಂದ.

ವ್ಯಾಪಾರಿ ಅಂಗಿಯನ್ನು ಅಲ್ಲೇ ಬಿಟ್ಟು ಹೋದ. ನಾನೂ ಉಗ್ರಾಕ್ಷನೂ ಅದನ್ನು ಬೆಳಕಿಗೆ ಹಿಡಿದು ನೋಡಿದೆವು. ಹೊಲಿಗೆ ನಿಜವಾಗಿಯೂ ಸೊಟ್ಟಗಿತ್ತು. ಅವನು ಬಿಚ್ಚಿದ, ನಾನು ದಾರ ಹಿಡಿದುಕೊಂಡೆ.